ಪದ್ಮಿನಿಗೆ ರೂಫ್ ಲೈನಿಂಗ್: ಅಂಟಿಸಿದ್ದು, ತರಿಸಿದ್ದು, ಹೊಲಿಸಿದ್ದು

ರೂಫ್ ಲೈನಿಂಗ್ ಅಂದರೆ ಕಾರಿನ ರೂಫಿನ ಒಳಬದಿಗೆ ಹಾಕುವ ಹೊದಿಕೆ. ಮೊದಲೇ ಹೇಳಿಬಿಡುತ್ತೇನೆ. ಹಳೇ ಲೈನಿಂಗನ್ನೇ ನಮೂನೆ ಮಾಡಿಕೊಂಡು, ಊರಿನ ಕುಶನ್ ಮೇಸ್ತ್ರಿ ಹತ್ತಿರ ಹೊಸದು ಹೊಲಿಸಿ, ಗಾಡಿಯ ಹಳೇ ಕಂಬಿಗಳಿಗೇ ಹಾಕಿದ್ದು ನನಗೆ ಮೆಚ್ಚಿಗೆಯಾಯಿತು. ಅದಕ್ಕೆ ಮುಂಚೆ ಎರಡು ಸಲ ದುಡ್ಡು ಹೋಗಿದೆ. ಒಂದೇ ಗಾಡಿಗೆ ಆರು ವರ್ಷದಲ್ಲಿ ಮೂರು ಥರದ ಲೈನಿಂಗ್ ಹಾಕಿ ನೋಡಿದ್ದೇನೆ.

ಗಾಡಿ 1986ರ ಪ್ರೀಮಿಯರ್ ಪದ್ಮಿನಿ. ಅಪ್ಪ 1994ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗಲೂ ಭಾನುವಾರ ಹೊರಗೆ ತೆಗೆಯುತ್ತೇವೆ. ಹರಿಹರದ ತನಕ ಹೋಗಿ ಬರುತ್ತೇವೆ, ಮನೆಯಲ್ಲಿ ಮದುವೆ ಇದ್ದರೆ ಹೂವು ಕಟ್ಟುತ್ತೇವೆ. ನಾವಿರುವುದು ದಾವಣಗೆರೆಯಲ್ಲಿ. ಗಾಡಿ ನಿಲ್ಲುವುದು ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಗಾಡಿಯ ರೂಫಿನ ಮೇಲೆ ಕೈ ಇಡೋಕೆ ಆಗಲ್ಲ. ಲೈನಿಂಗ್ ಆರಿಸುವಾಗ ನಾನು ಮೊದಲು ಯೋಚಿಸಬೇಕಾಗಿದ್ದದ್ದು ಇದನ್ನೇ. ಯೋಚಿಸಲಿಲ್ಲ.

ಈಗಿನ ಕಾರುಗಳಲ್ಲಿ ರೂಫ್ ಒಳಗೆ ಅಚ್ಚು ಹೊಡೆದ ಒಂದು ಗಟ್ಟಿ ಹಲಗೆ ಇರುತ್ತದೆ, ಅದರ ಮೇಲೆ ಬಟ್ಟೆ. ಪದ್ಮಿನಿಯಲ್ಲಿ ಹಾಗಿಲ್ಲ. ಅದು 1960ರ ದಶಕದ ಫಿಯಟ್ 1100 ಗಾಡಿಯ ಮೈಕಟ್ಟು. ಒಳಗೆ ತೆಳು ರೆಕ್ಸಿನ್ ತೂಗುತ್ತಿರುತ್ತದೆ. ಲಂಗಕ್ಕೆ ಲಾಡಿ ತೂರಿಸೋಕೆ ಪಟ್ಟಿ ಹೊಲಿದಿರುತ್ತಾರಲ್ಲ, ಹಾಗೆ ರೆಕ್ಸಿನ್‌ನ ಮೇಲ್ಬದಿಗೆ ಅಡ್ಡಡ್ಡ ಬಟ್ಟೆಯ ಪಟ್ಟಿ ಹೊಲಿದಿರುತ್ತಾರೆ. ಅದರೊಳಗೆ ಬಾಗಿದ ಕಬ್ಬಿಣದ ಕಂಬಿ. ಕಂಬಿಯ ಎರಡು ತುದಿ ರೂಫಿನ ಎಡಬಲ ಅಂಚಿನಲ್ಲಿ ಕೂರುತ್ತವೆ. ಸುತ್ತಲೂ ರೆಕ್ಸಿನ್ ಅಂಚನ್ನು ಎಳೆದು ಸೊಲ್ಯೂಷನ್ ಹಾಕಿ ಅಂಟಿಸಿ, ಮೇಲೆ ಬೀಡಿಂಗ್ (ಅಂಚು ಮುಚ್ಚುವ ಪಟ್ಟಿ) ಒತ್ತುತ್ತಾರೆ. ನಡುವೆ ಎಲ್ಲೂ ಅಂಟು ಇಲ್ಲ. ನಿಲ್ಲುವುದು ಬರೀ ಎಳೆತದಲ್ಲಿ.

ಮೊದಲು ಹಾಕಿಸಿದ್ದು ಅಂಟಿಸುವ ಬಟ್ಟೆ. 2017ರಲ್ಲಿ ಹಳೇ ರೆಕ್ಸಿನ್ ಹಿಂದಿನ ಸೀಟಿನ ಮೇಲೆ ಹರಿದು ಜೋತುಬಿದ್ದಿತ್ತು. ಒಂದು ಅಂಗಡಿಯವರು, "ಆ ಕಂಬಿ ಗಿಂಬಿ ಎಲ್ಲ ಹಳೇ ಕಾಲದ್ದು ಸಾರ್, ಫೋಮ್ ಬಟ್ಟೆ ಅಂಟಿಸಿಬಿಡ್ತೀವಿ, ಹೊಸ ಕಾರಿನ ಥರಾ ಕಾಣುತ್ತೆ" ಅಂದರು. 3,500 ರೂಪಾಯಿ, ಒಂದೇ ದಿನದ ಕೆಲಸ. ಗಾಜು ಬಿಚ್ಚಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಮೊದಲ ಆರು ತಿಂಗಳು ಚೆನ್ನಾಗಿಯೇ ಇತ್ತು. ತಲೆಗೆ ಎರಡು ಬೆರಳು ಜಾಸ್ತಿ ಜಾಗವೂ ಸಿಕ್ಕಿತು.

ಎರಡನೇ ಬೇಸಿಗೆಗೆ ನಡುವೆ ಗುಳ್ಳೆ ಎದ್ದಿತು. ಮೂರನೇ ಬೇಸಿಗೆಗೆ ಬಟ್ಟೆ ತಲೆಗೆ ತಾಗುತ್ತಿತ್ತು. ಅಂಟು ಬಿಟ್ಟಿದೆ ಅಂದುಕೊಂಡೆ. ಎಳೆದು ನೋಡಿದರೆ ಅಂಟು ತಗಡಿನ ಮೇಲೆ ಹಾಗೇ ಇದೆ! ಬಿಟ್ಟಿದ್ದು ನಡುವಿನ ಫೋಮ್. ಆ ಬಟ್ಟೆಯ ಹಿಂದೆ ಎರಡು ಮೂರು ಮಿಲಿಮೀಟರ್ ದಪ್ಪದ ಫೋಮ್ ಇರುತ್ತದೆ. ವರ್ಷಗಟ್ಟಲೆ ಬಿಸಿಲಿನ ಕಾವು, ಮಳೆಗಾಲದ ತೇವ ಎರಡೂ ತಿಂದು ಅದು ಪುಡಿಯಾಗುತ್ತದೆ. ಮುಟ್ಟಿದರೆ ಕಿತ್ತಳೆ ಬಣ್ಣದ ಹುಡಿ ಉದುರುತ್ತಿತ್ತು, ಅಮ್ಮನ ಸೀರೆ ಮೇಲೆಲ್ಲ. ಹೊಸ ಕಾರಿನಲ್ಲೂ ಇದೇ ಫೋಮ್, ಇದೇ ಗತಿ. ಆದರೆ ಅಲ್ಲಿ ಹಲಗೆ ಇರುತ್ತದೆ, ಬಟ್ಟೆ ನೇರವಾಗಿ ಕಾದ ತಗಡಿಗೆ ಅಂಟಿರುವುದಿಲ್ಲ. ಪದ್ಮಿನಿಯಲ್ಲಿ ತಗಡಿಗೇ ಅಂಟಿಸಿದ್ದರು. ಆ ಹುಡಿ, ಆ ಅಂಟು ಕೆರೆದು ತೆಗೆಯಲು ನನಗೆ ಎರಡು ಭಾನುವಾರ ಬೇಕಾಯಿತು.

2017ರಲ್ಲಿ ಬಟ್ಟೆ ಅಂಟಿಸಿದ ಅವತ್ತು ಅಪ್ಪ ಒಂದು ಒಳ್ಳೇ ಕೆಲಸ ಮಾಡಿದ್ದರು. "ನಮ್ಮ ಹಳೇ ಸಾಮಾನು ನಮಗೆ ಕೊಟ್ಟುಬಿಡಿ" ಅಂತ ಅಂಗಡಿಯವರ ಹತ್ತಿರ ಕೇಳಿ, ಕಂಬಿಗಳನ್ನೂ ಹರಿದ ಲೈನಿಂಗನ್ನೂ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಬಂದು ಅಟ್ಟಕ್ಕೆ ಹಾಕಿದ್ದರು. ಇಲ್ಲದಿದ್ದರೆ ಕಂಬಿಗಳು ಅವತ್ತೇ ಗುಜರಿಗೆ ಹೋಗುತ್ತಿದ್ದವು.

ಎರಡನೆಯದು ರೆಡಿಮೇಡ್ ಸೆಟ್. 2021ರಲ್ಲಿ ಮುಂಬೈನಿಂದ ತರಿಸಿದೆ. ಪದ್ಮಿನಿ ತಯಾರಾಗುತ್ತಿದ್ದದ್ದೇ ಅಲ್ಲಿನ ಕುರ್ಲಾದಲ್ಲಿ. ಪದ್ಮಿನಿಯ ಕಪ್ಪು ಹಳದಿ ಟ್ಯಾಕ್ಸಿಗಳು ಮುಂಬೈಯಲ್ಲಿ 2023ರ ಅಕ್ಟೋಬರ್ ತನಕವೂ ಓಡಿದವು. ಆ ಟ್ಯಾಕ್ಸಿಗಳ ರೂಫಿಗೆ ಹೂವಿನ ಚಿತ್ತಾರದ ಲೈನಿಂಗ್ ಹಾಕಿಸುವವರೂ ಇದ್ದರು. ಹಿಂದಿನ ಸೀಟಿನಲ್ಲಿ ಕೂತು ಮೇಲೆ ನೋಡಿದವರಿಗೆ ಅದು ಮರೆಯಲ್ಲ. ಹಾಗಾಗಿ ಅಳತೆ ಅಲ್ಲಿನವರಿಗೆ ಕೈಗೆ ಬಂದಿರುತ್ತದೆ ಅನ್ನುವ ನಂಬಿಕೆ ನನ್ನದು. ಕೊರಿಯರ್ ಸೇರಿ 4,800. ರೆಕ್ಸಿನ್ ಒಳ್ಳೆಯದೇ, ಸಣ್ಣ ತೂತುಗಳ ಬಿಳಿ, ಪಟ್ಟಿಗಳನ್ನೂ ಹೊಲಿದೇ ಕಳಿಸಿದ್ದರು. ಅಟ್ಟದಲ್ಲಿದ್ದ ಹಳೇ ಕಂಬಿಗಳನ್ನೇ ತೂರಿಸಿ ಹಾಕಿದೆವು. ಹಿಂದಿನ ಬಾಗಿಲಿನ ಮೇಲೆ ಎರಡೂ ಕಡೆ ಕೈ ಉದ್ದದ ಸುಕ್ಕು.

ಆ ಸುಕ್ಕಿನ ಹಿಂದೆ ನಾನು ಕಳೆದಷ್ಟು ಹೊತ್ತು ಬೇರೆ ಯಾವ ಕೆಲಸದಲ್ಲೂ ಕಳೆದಿಲ್ಲ. ಎಳೆದರೆ ಒಂದು ಕಡೆ ಹೋಗಿ ಇನ್ನೊಂದು ಕಡೆ ಬರುತ್ತಿತ್ತು. ಹೇರ್ ಡ್ರೈಯರ್ ಹಿಡಿದೆ. ಬಿಸಿಲಿಗೆ ನಿಲ್ಲಿಸಿ ಎಳೆದೆ. ಅಂಚಿನ ಅಂಟು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದೆ. ಸುಕ್ಕು ನೆಟ್ಟಗೆ ಇರಲಿಲ್ಲ, ಓರೆಯಾಗಿ ಓಡುತ್ತಿತ್ತು. ಅದೇ ಸುಳಿವು ಅಂತ ಆಗ ಗೊತ್ತಾಗಲಿಲ್ಲ.

ಕೊನೆಗೆ ಪಿಬಿ ರಸ್ತೆ ಕಡೆಯ ಒಬ್ಬ ಹಿರಿಯ ಕುಶನ್ ಮೇಸ್ತ್ರಿಯನ್ನು ಮನೆಗೆ ಕರೆತಂದೆ. ಅವರು ಒಳಗೆ ಕೂತು, ಬೆರಳಿನಿಂದ ರೆಕ್ಸಿನ್ ಮೇಲೆ ಕಂಬಿಗಳನ್ನು ತಡವಿ ನೋಡಿದರು.

"ಬಿಚ್ಚುವಾಗ ಕಂಬಿಗೆ ನಂಬರ್ ಹಾಕಿದ್ರಾ ಸಾರ್?"

"ಇಲ್ಲ. ಬಿಚ್ಚಿದ್ದು ನಾನಲ್ಲ."

"ಹಂಗಾದ್ರೆ ಇವು ಅದಲು ಬದಲಾಗಿವೆ. ಎಷ್ಟು ಎಳೆದರೂ ಕೂರಲ್ಲ."

ಪದ್ಮಿನಿಯ ಕಂಬಿಗಳು ನೋಡೋಕೆ ಎಲ್ಲ ಒಂದೇ ಥರ. ಆದರೆ ರೂಫ್ ನಡುವೆ ಉಬ್ಬಿ ಮುಂದೆ ಹಿಂದೆ ಇಳಿಯುತ್ತದೆ, ಅಗಲವೂ ಬದಲಾಗುತ್ತದೆ. ಹಾಗಾಗಿ ಒಂದೊಂದು ಕಂಬಿಯ ಉದ್ದವೂ ಬಾಗೂ ಬೇರೆ. ವ್ಯತ್ಯಾಸ ಒಂದು ಬೆರಳು, ಕೆಲವಕ್ಕೆ ಅರ್ಧ ಬೆರಳು. ಉದ್ದದ ಕಂಬಿ ಗಿಡ್ಡದ ಜಾಗಕ್ಕೆ ಹೋದರೆ ನೆಟ್ಟಗೆ ನಿಲ್ಲೋಕೆ ಜಾಗ ಸಾಲದೆ ವಾಲುತ್ತದೆ. ಗಿಡ್ಡದ್ದು ಉದ್ದದ ಜಾಗಕ್ಕೆ ಹೋದರೆ ಸಡಿಲ. ಒಂದು ವಾಲಿದರೆ ಸಾಕು, ಎಳೆತ ಅಡ್ಡ ಹೋಗುವ ಬದಲು ಓರೆ ಹೋಗುತ್ತದೆ. ಸುಕ್ಕು ಓರೆಯಾಗಿದ್ದದ್ದು ಅದಕ್ಕೇ.

ಸರಿ, ಯಾವುದು ಎಲ್ಲಿಯದು ಅಂತ ಈಗ ಹೇಗೆ ಗೊತ್ತಾಗಬೇಕು? ಒಂದು ದಾರ ತಗೊಂಡು ಎಲ್ಲ ಕಂಬಿಗಳ ಬಾಗಿನ ಮೇಲೆ ಎಳೆದು ಅಳೆದೆವು. ಉದ್ದದಿಂದ ಗಿಡ್ಡದವರೆಗೆ ಸಾಲು ಸಿಕ್ಕಿತು. ಆದರೆ ಎರಡು ಕಂಬಿಗಳ ಅಳತೆ ಹೆಚ್ಚುಕಡಿಮೆ ಒಂದೇ. ಆಗ ಮೇಸ್ತ್ರಿ ಹಳೇ ಲೈನಿಂಗ್ ಕೇಳಿದರು. ಅಟ್ಟದಿಂದ ಗೋಣಿಚೀಲ ಇಳಿಸಿದೆ. ಹರಿದು ಚಿಂದಿಯಾಗಿದ್ದರೂ ಪಟ್ಟಿಗಳು ಹಾಗೇ ಇದ್ದವು. ಮೂವತ್ತು ವರ್ಷ ಕಂಬಿ ಒಳಗಿದ್ದದ್ದಕ್ಕೆ ತುಕ್ಕಿನ ಕಲೆ ಬಿದ್ದಿತ್ತು. ಒಂದು ಪಟ್ಟಿಯಲ್ಲಿ ಎಡತುದಿಗೆ ಒಂದು ಗೇಣು ಕಪ್ಪಗಿನ ಕಲೆ. ಕಂಬಿಗಳನ್ನು ತಿರುಗಿಸಿ ನೋಡಿದರೆ ಒಂದಕ್ಕೆ ಮಾತ್ರ ತುದಿಯಲ್ಲಿ ಅಷ್ಟೇ ಉದ್ದ ಗಾಢ ತುಕ್ಕು. ಅಲ್ಲಿಗೆ ಆ ಕಂಬಿಯ ಜಾಗವೂ ಗೊತ್ತಾಯಿತು, ಅದರ ಎಡಬಲವೂ ಗೊತ್ತಾಯಿತು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಕಂಬಿ ಸರಿ ಮಾಡಿ ಅದೇ ಮುಂಬೈ ಸೆಟ್ಟನ್ನು ಮತ್ತೆ ಹಾಕಿದೆವು. ಮುಕ್ಕಾಲು ಸುಕ್ಕು ಹೋಯಿತು. ಹಾಗಾಗಿ ಆ ಸೆಟ್ಟಿನ ಮೇಲೆ ಎಲ್ಲ ತಪ್ಪು ಹೊರಿಸುವುದು ನ್ಯಾಯವಲ್ಲ. ಆದರೆ ಹಿಂದಿನ ಗಾಜಿನ ಹತ್ತಿರ ಅದು ಒಂದು ಇಂಚು ಕಡಿಮೆಯೇ ಬಂತು, ಒಂದು ಪಟ್ಟಿಯ ಹೊಲಿಗೆ ಇರಬೇಕಾದ ಜಾಗದಿಂದ ಮುಂದಿತ್ತು. ಇಷ್ಟು ವರ್ಷದಲ್ಲಿ ಟಿಂಕರಿಂಗ್ ಕೆಲಸ ಆಗದ ಪದ್ಮಿನಿ ಎಷ್ಟಿವೆ ಹೇಳಿ? ನಮ್ಮದಕ್ಕೂ ಹಿಂದೆ ಒಮ್ಮೆ ಪೆಟ್ಟು ಬಿದ್ದು ರಿಪೇರಿಯಾಗಿದೆ. ಮುಂಬೈಯಲ್ಲಿ ಕೂತು ಕತ್ತರಿಸಿದವರಿಗೆ ಅದು ಹೇಗೆ ಗೊತ್ತಾಗಬೇಕು.

ಮೂರನೆಯದು, ಹೊಲಿಸಿದ್ದು. 2023ರ ಜನವರಿಯಲ್ಲಿ. ಮೇಸ್ತ್ರಿ ಹಳೇ ಲೈನಿಂಗಿನ ಹೊಲಿಗೆ ಬಿಚ್ಚಿ, ತುಂಡು ತುಂಡಾಗಿ ನೆಲದ ಮೇಲೆ ಹರಡಿ, ಚಾಕ್‌ಪೀಸ್‌ನಲ್ಲಿ ಗೆರೆ ಎಳೆದರು. ಪಟ್ಟಿಗಳ ನಡುವಿನ ಅಂತರ ಹಳೇದರಿಂದಲೇ. ಅಂಚಿಗೆ ಮಾತ್ರ ಸುತ್ತ ಮೂರು ಇಂಚು ಜಾಸ್ತಿ ಬಿಟ್ಟರು. 54 ಇಂಚು ಅಗಲದ ರೆಕ್ಸಿನ್ ಮೂರು ಮೀಟರ್ ಹಿಡಿಯಿತು. ಬೆಂಗಳೂರಿನ ಜೆಸಿ ರೋಡಿನಿಂದ ತಂದೆ. ಅಲ್ಲಿ ರೂಫಿಗೆ ಅಂತ ತೆಳುವಾದದ್ದನ್ನೇ ಕೇಳಿ ತಗೊಳ್ಳಿ. ಸೀಟಿನ ರೆಕ್ಸಿನ್ ದಪ್ಪ, ಎಳೆದರೆ ಹಿಗ್ಗುವುದಿಲ್ಲ, ಭಾರಕ್ಕೆ ಜೋಲುತ್ತದೆ.

ಇದರಲ್ಲೂ ಮೂಲೆಯಲ್ಲಿ ಸುಕ್ಕು ಬಂತು. ಆದರೆ ಇದಕ್ಕೆ ಮದ್ದು ಇತ್ತು. ಪಟ್ಟಿಯನ್ನು ಅಂಚಿನ ತನಕ ಹೊಲಿದಿದ್ದರೆ ಆ ತುದಿ ರೆಕ್ಸಿನ್ನನ್ನು ಮೇಲಕ್ಕೆ ಹಿಡಿದುಕೊಳ್ಳುತ್ತದೆ, ಕೆಳಗೆ ಎಳೆಯೋಕೆ ಬಿಡುವುದಿಲ್ಲ. ತುದಿಯಿಂದ ಪಟ್ಟಿಯ ಬಟ್ಟೆಯನ್ನಷ್ಟೇ ಅರ್ಧ ಇಂಚು ಕತ್ತರಿಸಿ ಎಳೆದು ನೋಡಬೇಕು. ಸಾಲದಿದ್ದರೆ ಇನ್ನರ್ಧ ಇಂಚು. ಒಂದೇ ಸಲ ಜಾಸ್ತಿ ಕತ್ತರಿಸಿದರೆ ವಾಪಸ್ ಬರಲ್ಲ. ಕತ್ತರಿ ಮೇಸ್ತ್ರಿ ಕೈಯಲ್ಲೇ ಇರಲಿ ಅಂತ ನಾನು ಬರೀ ಎಳೆಯುವ ಕೆಲಸ ಮಾಡಿದೆ.

ಇನ್ನು ಕೆಲಸದ ಕ್ರಮ. ರೂಫಿನ ಮುಂದೆ ಹಿಂದೆ ನಡುಮಧ್ಯ ಗುರುತು ಹಾಕಿ, ಲೈನಿಂಗನ್ನು ಉದ್ದಕ್ಕೆ ಮಡಿಸಿ ಅದರ ನಡುವಿಗೂ ಗುರುತು ಹಾಕಿ. ಮೊದಲು ಮುಂದೆ ಮತ್ತು ಹಿಂದೆ ಎಳೆದು ಬಟ್ಟೆ ಕ್ಲಿಪ್ ಸಿಕ್ಕಿಸಿ, ಆಮೇಲೆ ಪಕ್ಕಗಳು, ನಡುವಿನಿಂದ ಮೂಲೆಯ ಕಡೆಗೆ. ಎಲ್ಲ ಸರಿ ಅನ್ನಿಸಿದ ಮೇಲೇ ಸೊಲ್ಯೂಷನ್. ಅದನ್ನು ತಗಡಿಗೂ ರೆಕ್ಸಿನ್‌ಗೂ ಎರಡಕ್ಕೂ ಹಚ್ಚಿ, ಮುಟ್ಟಿದರೆ ಬೆರಳಿಗೆ ಬರದಷ್ಟು ಆರಿದ ಮೇಲೆ ಒತ್ತಬೇಕು. ಹಸಿಯಲ್ಲೇ ಒತ್ತಿದರೆ ಜಾರುತ್ತದೆ. ಬಾಗಿಲು ತೆಗೆದಿಡಿ, ಆ ವಾಸನೆ ತಲೆಗೆ ಹೋಗುತ್ತದೆ, ಬೆಂಕಿಗೂ ಹತ್ತುತ್ತದೆ. ಸನ್ ವೈಸರ್ ಸ್ಕ್ರೂ ತೂತನ್ನು ಕೊನೆಗೆ ಬೆರಳಲ್ಲಿ ತಡವಿ ದಬ್ಬಳದಿಂದ ಚುಚ್ಚಿ.

ಖರ್ಚು ಈ ಮೂರನೆಯದಕ್ಕೇ ಜಾಸ್ತಿ. ರೆಕ್ಸಿನ್, ಹೊಲಿಗೆ, ಕೂರಿಸುವ ಕೂಲಿ ಸೇರಿ 6,500. ಗಾಜಿನ ರಬ್ಬರ್ ಬೇರೆ. ಮುಂದಿನ ಹಿಂದಿನ ಗಾಜು ಬಿಚ್ಚಲೇಬೇಕು, ಲೈನಿಂಗಿನ ಅಂಚು ಆ ರಬ್ಬರಿನ ಕೆಳಗೆ ಹೋಗುತ್ತದೆ. ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ವಾಪಸ್ ಹಾಕಿದರೆ ಮಳೆನೀರು ಒಳಗೆ ಬಂದು ಹೊಸ ಲೈನಿಂಗಿಗೇ ಕಲೆ. ಅದಕ್ಕೆ ಹೊಸದೇ ಹಾಕಿಸಿದೆ. ಮೂರು ದಿನದ ಕೆಲಸ.

ದಿನಾ ಆಫೀಸಿಗೆ ಅದೇ ಗಾಡಿ ಬೇಕು, ಮೂರು ದಿನ ನಿಲ್ಲಿಸೋಕೆ ಆಗಲ್ಲ ಅನ್ನುವವರು ಮುಂಬೈ ಸೆಟ್ ತರಿಸಿ ಎರಡು ದಿನದಲ್ಲಿ ಮುಗಿಸಬಹುದು. ಗಾಡಿಯ ಮೈ ಎಲ್ಲೂ ಪೆಟ್ಟು ತಿಂದಿರದಿದ್ದರೆ ಚೆನ್ನಾಗಿಯೇ ಕೂರುತ್ತದೆ. ಫೋಮ್ ಬಟ್ಟೆ ತಗಡಿಗೆ ಅಂಟಿಸುವುದನ್ನು ನಮ್ಮ ಕಡೆಯ ಬಿಸಿಲಿಗೆ ನಾನು ಯಾರಿಗೂ ಹೇಳಲ್ಲ. ನನಗೆ ಗಾಡಿ ಭಾನುವಾರಕ್ಕೆ ಮಾತ್ರ ಬೇಕು, ಮೂರು ದಿನ ಮೇಸ್ತ್ರಿ ಜೊತೆ ನಿಂತು ಕೆಲಸ ನೋಡೋದು ಇಷ್ಟ, 6,500 ಒಂದೇ ಸಲ ಕೊಟ್ಟರೂ ಹತ್ತು ವರ್ಷ ಬಂದರೆ ಸಾಕು. ನನ್ನ ಲೆಕ್ಕ ಅಷ್ಟೇ.

ಎರಡು ಬೇಸಿಗೆ ಕಳೆದಿದೆ. ರೆಕ್ಸಿನ್ ಮಧ್ಯಾಹ್ನ ತುಸು ಸಡಿಲವಾಗುತ್ತದೆ, ಸಂಜೆಗೆ ಮತ್ತೆ ಬಿಗಿ. ಹಿಂದಿನ ಎಡಮೂಲೆಯಲ್ಲಿ ಬೆರಳುದ್ದದ ಒಂದು ಸುಕ್ಕು ಉಳಿದಿದೆ. ಪೆಟ್ಟು ಬಿದ್ದು ರಿಪೇರಿಯಾದ ಮೂಲೆ ಅದೇ.

ಹೊಲಿಗೆ ಬಿಚ್ಚಿದ ಹಳೇ ತುಂಡುಗಳಿಗೆ ಈಗ ಮಾರ್ಕರ್‌ನಲ್ಲಿ ನಂಬರ್ ಹಾಕಿ, ಮುಂದೆ ಹಿಂದೆ ಎಡ ಬಲ ಬರೆದು, ಅದೇ ಗೋಣಿಚೀಲದಲ್ಲಿ ಅಟ್ಟದ ಮೇಲಿಟ್ಟಿದ್ದೇನೆ. ಕಂಬಿಗಳ ಅಳತೆ ಬರೆದ ಚೀಟಿಯೂ ಅದರಲ್ಲೇ ಇದೆ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಯಾರಾದರೂ ಪದ್ಮಿನಿಯ ಲೈನಿಂಗ್ ಕಳೆದುಕೊಂಡು ನಮೂನೆಗೆ ಅಲೆಯುತ್ತಿದ್ದರೆ ಬಂದು ಗೆರೆ ಎಳೆದುಕೊಂಡು ಹೋಗಬಹುದು.