ವಕೀಲರ ತಾರೀಖುಗಳನ್ನು ಎಐ ಸಹಾಯಕಕ್ಕೆ ಓದಿಸುವ ಉಚಿತ ತಂತ್ರಾಂಶ: ಬಳಸಿ ಕಂಡದ್ದು

ಬೆಳಗಾವಿಯಲ್ಲಿ ವಕೀಲಿ ಮಾಡುವವರ ತಾರೀಖುಗಳು ಒಂದೇ ಊರಿನಲ್ಲಿ ಬೀಳುವುದಿಲ್ಲ. ಒಂದು ದಿನ ಇಲ್ಲಿನ ಜಿಲ್ಲಾ ನ್ಯಾಯಾಲಯ, ಮರುದಿನ ಗೋಕಾಕ ಇಲ್ಲವೇ ಬೈಲಹೊಂಗಲ, ಮೇಲ್ಮನವಿ ಇದ್ದರೆ ಧಾರವಾಡದ ಹೈಕೋರ್ಟ್ ಪೀಠ. ಹೀಗಾಗಿ ಮೇಜಿನ ಮೇಲಿನ ಡೈರಿಯ ಜೊತೆಗೆ ಗೂಗಲ್ ಕ್ಯಾಲೆಂಡರಿನಲ್ಲೂ ತಾರೀಖು ಬರೆದಿಡುವ ರೂಢಿ ನಮ್ಮ ಕಚೇರಿಯಲ್ಲಿದೆ. ಆ ಕ್ಯಾಲೆಂಡರನ್ನು ಎಐ ಸಹಾಯಕವೇ ತೆರೆದು ನೋಡಿ, ಮುಂದಿರುವ ಕೆಲಸಗಳನ್ನು ಹೇಳುವಂತೆ ಮಾಡುವ ಒಂದು ಸಣ್ಣ ಮುಕ್ತ ತಂತ್ರಾಂಶವನ್ನು ಕೆಲವು ಕಾಲದಿಂದ ಬಳಸುತ್ತಿದ್ದೇನೆ.

2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿಯು ಎಲ್ಲರ ಬಳಕೆಗೆ ಮುಕ್ತವಾಗಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’, ಅಂದರೆ ಎಂಸಿಪಿ, ಎಐ ಸಹಾಯಕಗಳು ಹೊರಗಿನ ಮಾಹಿತಿಯನ್ನು ಯಾವ ಕ್ರಮದಲ್ಲಿ ಕೇಳಿ ಪಡೆಯಬೇಕು ಎಂಬುದನ್ನು ನಿಗದಿಪಡಿಸುತ್ತದೆ. ಈ ತಂತ್ರಾಂಶವು ಅದೇ ಕ್ರಮವನ್ನು ಅನುಸರಿಸುವ ಒಂದು ಸರ್ವರ್, ಅಂದರೆ ಕೇಳಿದ ಮಾಹಿತಿಯನ್ನು ಒದಗಿಸುವ ಪ್ರೋಗ್ರಾಂ. ಅದು ನಮ್ಮದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಸಹಾಯಕವು ಕೇಳಿದಾಗ ಗೂಗಲ್‌ನಿಂದ ಕಾರ್ಯಕ್ರಮಗಳ ಪಟ್ಟಿಯನ್ನು ತಂದುಕೊಡುತ್ತದೆ.

ಅಳವಡಿಸುವುದು ಸಾಮಾನ್ಯ ಬಳಕೆದಾರರ ಕೆಲಸವಲ್ಲ. ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ತೆರೆದು, ಕ್ಯಾಲೆಂಡರ್ ಎಪಿಐ (ಬೇರೆ ತಂತ್ರಾಂಶಗಳು ಕ್ಯಾಲೆಂಡರನ್ನು ಓದಲು ಗೂಗಲ್ ಕೊಡುವ ದಾರಿ) ಚಾಲೂ ಮಾಡಿ, ಅನುಮತಿಯ ಫೈಲನ್ನು ಇಳಿಸಿಕೊಂಡು ಸೆಟ್ಟಿಂಗ್‌ನಲ್ಲಿ ಸೇರಿಸಬೇಕು. ನಮ್ಮ ಕಚೇರಿಯ ಕಿರಿಯ ವಕೀಲರೊಬ್ಬರು ಇಷ್ಟನ್ನೂ ಮಾಡಿಕೊಟ್ಟರು. ಆ ಪ್ರಾಜೆಕ್ಟನ್ನು ‘ಟೆಸ್ಟಿಂಗ್’, ಅಂದರೆ ಪ್ರಾಯೋಗಿಕ, ಸ್ಥಿತಿಯಲ್ಲೇ ಬಿಟ್ಟರೆ ಅನುಮತಿಯು 7 ದಿನಕ್ಕೆ ಮುಗಿದು, ಮತ್ತೆ ಲಾಗಿನ್ ಆಗಬೇಕಾಗುತ್ತದೆ ಎಂಬ ಸಂಗತಿಯನ್ನು ತಂತ್ರಾಂಶದ ಸೂಚನೆಗಳಲ್ಲಿ ಎಲ್ಲಿಯೂ ಹೇಳಿಲ್ಲ.

ಕೆಲಸಕ್ಕೆ ನಿಂತ ಮೇಲೆ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. “ಬರುವ ವಾರ ಧಾರವಾಡಕ್ಕೆ ಹೋಗುವ ದಿನ ಬೆಳಗಾವಿಯಲ್ಲಿ ಪಾಟೀಸವಾಲು ಏನಾದರೂ ಇದೆಯೇ?” ಎಂದು ಕನ್ನಡದಲ್ಲೇ ಕೇಳಿದರೆ, ಎರಡೂ ಕಡೆಯ ತಾರೀಖುಗಳನ್ನು ಹೋಲಿಸಿ ಗುರುವಾರ ಎರಡು ಪ್ರಕರಣಗಳು ಒಂದರ ಮೇಲೊಂದು ಬಿದ್ದಿವೆ ಎಂದು ಹೇಳಿತು, ಡೈರಿಯ ಪುಟಗಳನ್ನು ತಿರುವಿ ಹಾಕುವಾಗ ಇಂತಹದ್ದು ಕಣ್ತಪ್ಪುವುದೇ ಹೆಚ್ಚು. ಆದರೆ ಒಂದು ಪದ ಹಾಕಿ ಹುಡುಕಿಸಿದಾಗ ಈ ಚುರುಕು ಉಳಿಯುವುದಿಲ್ಲ. ಕ್ಯಾಲೆಂಡರಿನಲ್ಲಿ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದು, ಪ್ರಶ್ನೆಯಲ್ಲಿ ‘ಗೋಕಾಕ’ ಎಂದು ಕನ್ನಡದಲ್ಲಿ ಇದ್ದರೆ, ಹುಡುಕಾಟವು ಅಕ್ಷರಗಳನ್ನಷ್ಟೇ ಹೊಂದಿಸಿ ನೋಡಿ ಏನೂ ಇಲ್ಲವೆಂದು ಮರಳುತ್ತದೆ. ‘ಈ ತಿಂಗಳ ಎಲ್ಲ ತಾರೀಖುಗಳನ್ನು ತೆಗೆದು, ಅದರಲ್ಲಿ ಗೋಕಾಕದವನ್ನು ಹೇಳು’ ಎಂದು ಕೇಳಿದರೆ ಸರಿಯಾದ ಉತ್ತರ ಬರುತ್ತದೆ.

ಇದಕ್ಕಿಂತ ದೊಡ್ಡ ದೋಷ ಸಮಯದ್ದು. ಧಾರವಾಡಕ್ಕೆ ಹೊರಡುವ ದಿನ ನಸುಕಿನ ಐದಕ್ಕೆ “ಇಂದಿನ ಕೆಲಸಗಳೇನು?” ಎಂದು ಕೇಳಿದರೆ ತಂತ್ರಾಂಶವು ಹಿಂದಿನ ದಿನದ ಪಟ್ಟಿಯನ್ನು ಓದಿತು. ಭಾರತದ ಸಮಯವು ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ತಂತ್ರಾಂಶವು ದಿನವನ್ನು ಜಾಗತಿಕ ಸಮಯದಂತೆ ಎಣಿಸುವ ಕಾರಣ, ನಮ್ಮಲ್ಲಿ ಬೆಳಗಿನ 5.30 ಆಗುವವರೆಗೂ ಅದಕ್ಕೆ ನಿನ್ನೆಯೇ ನಡೆದಿರುತ್ತದೆ. ಸೆಟ್ಟಿಂಗ್‌ನಲ್ಲಿ ‘ಏಷ್ಯಾ/ಕೋಲ್ಕತಾ’ ಎಂದು ನಮೂದಿಸಿದ ಮೇಲೆ ಈ ತೊಂದರೆ ನಿಂತಿತು. ರಜೆಗಳ ವಿಷಯದಲ್ಲೂ ಇಂತಹದೇ ಒಂದು ಎಡವಟ್ಟಿದೆ: ಇಡೀ ದಿನದ ಕಾರ್ಯಕ್ರಮಗಳಿಗೆ ಗೂಗಲ್ ಕೊಡುವ ಕೊನೆಯ ದಿನಾಂಕವು ಮುಗಿದ ದಿನದ್ದಲ್ಲ, ಅದರ ಮರುದಿನದ್ದು. ಸಹಾಯಕವು ಇದನ್ನು ಮರೆತಾಗ ದಸರಾ ರಜೆಗೆ ಒಂದು ದಿನವನ್ನು ತಾನೇ ಸೇರಿಸಿಬಿಡುತ್ತದೆ. ಶಾಲೆಯ ಮಕ್ಕಳಿಗೆ ಇದು ಸಂತೋಷದ ವಿಷಯವಾದೀತು, ನ್ಯಾಯಾಧೀಶರು ಒಪ್ಪುವಂತಹದ್ದಲ್ಲ.

ಕ್ಯಾಲೆಂಡರಿನಲ್ಲಿ ಇಲ್ಲದ್ದು ಇದಕ್ಕೆ ತಿಳಿಯದು. ನ್ಯಾಯಾಲಯಗಳ ಪ್ರಕರಣದ ಮಾಹಿತಿ ಕೊಡುವ ಇ-ಕೋರ್ಟ್ಸ್ ಆ್ಯಪಿನಲ್ಲಿ ತಾರೀಖು ಬದಲಾಗಿದ್ದರೂ ನಾವು ತಿದ್ದುವವರೆಗೆ ಅದು ಹಳೆಯದನ್ನೇ ಹೇಳುತ್ತದೆ. ಚಳಿಗಾಲದ ಅಧಿವೇಶನ ನಡೆಯುವಾಗ ಸುವರ್ಣ ವಿಧಾನಸೌಧದ ಮುಂದಿನ ಹೆದ್ದಾರಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದೀತು ಎಂಬ ಲೆಕ್ಕವೂ ಅದರ ಬಳಿ ಇಲ್ಲ.

ವಕೀಲರು ಮುಖ್ಯವಾಗಿ ಯೋಚಿಸಬೇಕಾದದ್ದು ಗೌಪ್ಯತೆಯ ಬಗ್ಗೆ. ಸರ್ವರ್ ನಮ್ಮ ಕಂಪ್ಯೂಟರಿನಲ್ಲೇ ಇದ್ದರೂ ಅದು ಓದಿದ ಪ್ರತಿಯೊಂದು ಸಾಲೂ ಉತ್ತರ ಸಿದ್ಧವಾಗುವುದಕ್ಕಾಗಿ ಎಐ ಕಂಪನಿಯ ಗಣಕಗಳಿಗೆ ಹೋಗುತ್ತದೆ. ಕಕ್ಷಿದಾರರು ನಮ್ಮಲ್ಲಿ ಹೇಳಿಕೊಂಡದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಮು ಹೇಳುತ್ತದೆ. ‘ಇಂತಹವರ ವಿಚ್ಛೇದನ, ಜೀವನಾಂಶದ ಮಾತುಕತೆ’ ಎಂದು ಕ್ಯಾಲೆಂಡರಿನಲ್ಲಿ ಬರೆಯುವವರು ಈ ತಂತ್ರಾಂಶವನ್ನು ಮುಟ್ಟದಿರುವುದೇ ಲೇಸು. ನಾವು ಈಗ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ ಮತ್ತು ಹಂತವನ್ನು ಮಾತ್ರ ಬರೆಯುತ್ತೇವೆ. ಹೆಸರುಗಳು ಡೈರಿಯಲ್ಲೇ ಉಳಿದಿವೆ.

ಅನುಮತಿ ಕೊಡುವಾಗ ‘ಓದಲು ಮಾತ್ರ’ ಎಂಬುದನ್ನೇ ಆರಿಸಿಕೊಳ್ಳಿ. ತಾರೀಖು ಸೇರಿಸುವ, ಅಳಿಸುವ ಅಧಿಕಾರವನ್ನೂ ಈ ತಂತ್ರಾಂಶ ಕೇಳುತ್ತದೆ, ಆದರೆ ಮುಂದಿನದನ್ನು ನೋಡಿ ಹೇಳುವುದಕ್ಕೆ ಅದರ ಅಗತ್ಯವೇ ಇಲ್ಲ. ಅಪರಿಚಿತರು ಕಳಿಸುವ ಆಹ್ವಾನದ ವಿವರಣೆಯಲ್ಲಿ ಸಹಾಯಕಕ್ಕೆ ಗುಟ್ಟಾಗಿ ಆಜ್ಞೆಗಳನ್ನು ಬರೆದು ಅದನ್ನು ದಾರಿ ತಪ್ಪಿಸಬಹುದು ಎಂಬುದನ್ನು ಸಂಶೋಧಕರು 2025ರಲ್ಲಿ ತೋರಿಸಿಕೊಟ್ಟಿದ್ದಾರೆ. ಆದ್ದರಿಂದ ಗೂಗಲ್ ಕ್ಯಾಲೆಂಡರಿನ ಸೆಟ್ಟಿಂಗ್‌ನಲ್ಲಿ, ಪರಿಚಿತರು ಕಳಿಸಿದ ಆಹ್ವಾನಗಳು ಮಾತ್ರ ತಾವಾಗಿ ಸೇರುವಂತೆ ಮೊದಲು ಬದಲಾಯಿಸಿ, ಆಮೇಲೆ ಈ ತಂತ್ರಾಂಶವನ್ನು ಜೋಡಿಸಬೇಕು.