ಮನೆಯ ಗ್ಲುಕೋಮೀಟರ್: ಎರಡು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿಯ ನಮ್ಮ ಮನೆಗೆ 74 ವರ್ಷದ ತಂದೆಯವರಿಗಾಗಿ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ತಂದು ಎರಡು ವರ್ಷಗಳಾದವು. ಕೊಳ್ಳುವಾಗ ನಾನು ಪರದೆಯ ಅಂಕಿಗಳು ಅವರ ಕಣ್ಣಿಗೆ ಕಾಣುವಷ್ಟು ದೊಡ್ಡವೇ ಎಂದಷ್ಟೇ ನೋಡಿದ್ದೆ. ಅಳತೆಯ ಅಸಲು ಕೆಲಸ ನಡೆಯುವುದು ಒಮ್ಮೆ ಬಳಸಿ ಎಸೆಯುವ ಸ್ಟ್ರಿಪ್‌ನೊಳಗೆ ಎಂಬುದು ಬಳಸುತ್ತ ಹೋದಂತೆ ಅರ್ಥವಾಯಿತು. ಹಾಗಾಗಿ ಈ ವಿಮರ್ಶೆ ಬಹುಪಾಲು ಸ್ಟ್ರಿಪ್‌ನದೇ.

ಸ್ಟ್ರಿಪ್‌ನ ತುದಿಯನ್ನು ರಕ್ತದ ಹನಿಗೆ ತಾಗಿಸಿದರೆ ಸಾಕು, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಅದರೊಳಗಿನ ಕಿರುಗಾಲುವೆ ರಕ್ತವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಪಂಪು, ಕವಾಟ ಯಾವುದೂ ಇಲ್ಲ. ನಮ್ಮ ಸ್ಟ್ರಿಪ್‌ಗೆ ಬೇಕಾಗುವುದು ಬರೀ ಅರ್ಧ ಮೈಕ್ರೋಲೀಟರ್ ರಕ್ತ. ಕಾಲುವೆಯ ತಳದಲ್ಲಿ ಒಣಗಿಸಿ ಲೇಪಿಸಿದ ಕಿಣ್ವವು ರಕ್ತದ ಗ್ಲುಕೋಸಿನೊಡನೆ ವರ್ತಿಸಿದಾಗ ಹೊರಬೀಳುವ ಎಲೆಕ್ಟ್ರಾನುಗಳು ಇನ್ನೊಂದು ರಾಸಾಯನಿಕದ ಮೂಲಕ ವಿದ್ಯುದ್ವಾರವನ್ನು ತಲುಪುತ್ತವೆ, ಆ ಪ್ರವಾಹವನ್ನೇ ಯಂತ್ರವು ಐದು ಸೆಕೆಂಡಿನಲ್ಲಿ ಅಂಕಿಯಾಗಿಸಿ ತೋರಿಸುತ್ತದೆ. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಯೋಚನೆಯನ್ನು ಅಮೆರಿಕದ ಸಂಶೋಧಕರಾದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲಿ ಮುಂದಿಟ್ಟರು. ಅದೇ ತತ್ತ್ವದ, ಪೆನ್ನಿನಾಕಾರದ ಮೀಟರ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ.

ನಿಖರತೆಯಲ್ಲಿ ನನಗೆ ತೃಪ್ತಿಯಿದೆ. ಲ್ಯಾಬಿನವರು ರಕ್ತ ತೆಗೆದ ಹೊತ್ತಿನಲ್ಲೇ ಒಮ್ಮೆ ಮನೆಯ ಮೀಟರಿನಲ್ಲೂ ನೋಡಿದೆವು. ಅಲ್ಲಿ 118, ಇಲ್ಲಿ 126 ಬಂತು (ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ). ಇಂಥ ಮೀಟರುಗಳಿಗಾಗಿಯೇ ಇರುವ 2013ರ ಅಂತರರಾಷ್ಟ್ರೀಯ ಐಎಸ್ಒ 15197 ಮಾನದಂಡದ ಪ್ರಕಾರ 100 ಮತ್ತು ಅದಕ್ಕಿಂತ ಮೇಲಿನ ಅಳತೆಗಳಲ್ಲಿ ಶೇಕಡಾ 95ರಷ್ಟಾದರೂ ಲ್ಯಾಬಿನ ಅಂಕಿಯಿಂದ ಶೇಕಡಾ 15ರ ಒಳಗಿರಬೇಕು. ಆದುದರಿಂದ ಎರಡು ಅಂಕಿ ಹೆಚ್ಚಾಯಿತೆಂದು ಗಾಬರಿಯಾಗುವುದು, ಕಡಿಮೆಯಾಯಿತೆಂದು ಸಂಭ್ರಮಿಸುವುದು ಎರಡೂ ವ್ಯರ್ಥ.

ಗಾಬರಿಯಾದದ್ದು ಒಂದೇ ದಿನ. ಮೇ ತಿಂಗಳ ಬೆಳಿಗ್ಗೆ ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು ತಂದೆಯವರು ಬೆರಳು ಚುಚ್ಚಿಕೊಂಡರು. ಪರದೆಯ ಮೇಲೆ 312! ‘ಅಪ್ಪ, ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ, ಇನ್ನೊಂದ್ಸಲ ನೋಡೋಣ’ ಎಂದೆ. ತೊಳೆದು ಒರೆಸಿ, ಬೇರೆ ಬೆರಳಿನಲ್ಲಿ ನೋಡಿದಾಗ 148. ರಕ್ತದ ಪ್ರಮಾಣವೇ ಅಷ್ಟು ಕಡಿಮೆಯಿರುವುದರಿಂದ, ಚರ್ಮಕ್ಕೆ ಅಂಟಿದ ಒಂದಿಷ್ಟು ಹಣ್ಣಿನ ರಸವೂ ಲೆಕ್ಕವನ್ನು ಕೆಡಿಸಿಬಿಡುತ್ತದೆ. ಆ ಮೊದಲ ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಎರಡನೆಯ ಶತ್ರು ಮಲೆನಾಡಿನ ಮಳೆಗಾಲ. ಡಬ್ಬಿಯೊಳಗೆ ತೇವ ಹೀರುವ ಪದಾರ್ಥವಿದ್ದರೂ, ಜುಲೈಯಲ್ಲಿ ಮುಚ್ಚಳ ಸರಿಯಾಗಿ ಕೂರದೆ ಒಂದು ರಾತ್ರಿ ಕಳೆದ ಮೇಲೆ ಒಂದೇ ಬೆರಳಿನ ಎರಡು ಅಳತೆಗಳ ನಡುವೆ ನಲವತ್ತು ಅಂಕಿಗಳ ಅಂತರ ಬಂತು. ಆ ಡಬ್ಬಿಯನ್ನು ಎಸೆದೆವು. ಸ್ಟ್ರಿಪ್ ತೇವಕ್ಕೆ ಕೆಡುತ್ತದೆ ಎಂಬ ಇಷ್ಟು ಮುಖ್ಯವಾದ ಎಚ್ಚರಿಕೆ ನಮ್ಮ ಡಬ್ಬಿಯ ಜೊತೆಗಿನ ಚೀಟಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ. ಇದನ್ನು ಓದಬೇಕಾದವರು ನಮ್ಮ ತಂದೆಯವರಂಥವರೇ ಅಲ್ಲವೇ? ಈ ಕೊರತೆಯನ್ನು ನಾನು ಕ್ಷಮಿಸಲಾರೆ.

ಕೊಳ್ಳುವವರು ಇನ್ನೆರಡು ವಿಷಯಗಳನ್ನು ಗಮನಿಸಬೇಕು. ರಕ್ತಹೀನತೆ ಇರುವವರಲ್ಲಿ ಹಲವು ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನಲ್ಲಿ ಐಕೋಡೆಕ್ಸ್‌ಟ್ರಿನ್ ದ್ರವ ಬಳಸುವವರಂತೂ ವೈದ್ಯರನ್ನು ಕೇಳದೆ ಯಾವ ಸ್ಟ್ರಿಪ್ಪನ್ನೂ ಕೊಳ್ಳಬಾರದು, ಏಕೆಂದರೆ ಆ ದ್ರವ ಮೈಯೊಳಗೆ ಒಡೆದು ಮಾಲ್ಟೋಸ್ ಎಂಬ ಇನ್ನೊಂದು ಸಕ್ಕರೆಯಾಗುತ್ತದೆ, ಸ್ಟ್ರಿಪ್‌ನ ಕೆಲವು ಬಗೆಯ ಕಿಣ್ವಗಳು ಅದನ್ನೂ ಗ್ಲುಕೋಸೆಂದೇ ಎಣಿಸುತ್ತವೆ.

ನಮ್ಮ ಸ್ಟ್ರಿಪ್‌ಗಳನ್ನು ಡಬ್ಬಿ ತೆರೆದ ಮೂರು ತಿಂಗಳಲ್ಲಿ ಮುಗಿಸಬೇಕು. ವಾರಕ್ಕೆ ಎರಡು ಸಲ ನೋಡುವ ಮನೆಗೆ 50ರ ಡಬ್ಬಿ ಅಗ್ಗವೆನಿಸಿದರೂ ಅರ್ಧ ಹಾಳಾಗುತ್ತದೆ. ಈಗ 25ರದ್ದನ್ನೇ ತರುತ್ತೇವೆ, ತೆರೆದ ತಾರೀಕನ್ನು ತಂದೆಯವರೇ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದಿಡುತ್ತಾರೆ.