ಆನ್‌ಲೈನ್‌ನಲ್ಲಿ ಹೂವಿನ ಬೀಜದ ಕಾಂಬೋ ತಗೊಳ್ಳೋ ಮುಂಚೆ ಇದನ್ನ ಓದ್ರಪ್ಪಾ

12 ತರ ಹೂವಿನ ಬೀಜ 299 ರೂಪಾಯಿ ಅಂತ ಒಂದು ಪೇಜ್‌ನಲ್ಲಿ ನೋಡಿ ದಸರಾ ಮುಗಿದ ವಾರವೇ ತರಿಸಿದೆ. ಪಿಟೂನಿಯಾ, ಜಿನ್ನಿಯಾ, ಆಸ್ಟರ್ ಇನ್ನೂ ಏನೇನೋ, ಜೊತೆಗೆ ನೀಲಿ ಗುಲಾಬಿ ಬೀಜ ಫ್ರೀ. ಅದನ್ನ ನೋಡಿದಾಗ್ಲೇ ಬುದ್ಧಿ ಬರ್ಬೇಕಿತ್ತು ನಂಗೆ. ಗುಲಾಬಿಲಿ ಸಹಜವಾಗಿ ನೀಲಿ ಬಣ್ಣದ ಪಿಗ್ಮೆಂಟೇ ಇರಲ್ಲ, ನರ್ಸರಿಯವ್ರು ಮಾರೋ ಗುಲಾಬಿ ಗಿಡನೂ ಸಾಮಾನ್ಯವಾಗಿ ಬೀಜದಿಂದ ಬಂದಿದ್ದಲ್ಲ, ಕಸಿ ಮಾಡಿದ್ದು ಇಲ್ಲಾ ಕಡ್ಡಿ ನೆಟ್ಟಿದ್ದು. ಗೊತ್ತಿದ್ದೂ ದುಡ್ಡು ಹಾಕಿದೆ.

ಪಿಟೂನಿಯಾ ಬೀಜ ರಾಗಿಗಿಂತ ಸಣ್ಣ, ಬೆಳಕು ಬೇಕು, ಮೇಲೆ ಮಣ್ಣು ಮುಚ್ಚಬಾರ್ದು, ಅದೆಲ್ಲಾ ಗೊತ್ತಿತ್ತು, ಹಾಗೇ ಉದುರಿಸಿ ಸ್ಪ್ರೇ ಮಾಡ್ದೆ. ಜಿನ್ನಿಯಾ ವಾರದೊಳಗೆ ಏಳ್ಬೇಕು. ಹತ್ತು ದಿನ ಆಯ್ತು, ಇಪ್ಪತ್ತು ದಿನ ಆಯ್ತು, ಟ್ರೇಲಿ ಪಾಚಿ ಬಂತು, ಮೊಳಕೆ ಬರ್ಲಿಲ್ಲ.

ಮೆಸೇಜ್ ಮಾಡಿದ್ರೆ "ನೀರು ಜಾಸ್ತಿ ಆಗಿದೆ ಮೇಡಂ". ಫೋಟೋ ಕಳಿಸಿದೆ, "ಬಿಸಿಲು ಸಾಲ್ದು ಮೇಡಂ". ಆಮೇಲೆ "ನಿಮ್ಮ ಮಣ್ಣಿನ ಮಿಕ್ಸ್ ಸರಿಯಿಲ್ಲ, ನಮ್ಮದೇ ಪಾಟಿಂಗ್ ಮಿಕ್ಸ್ ಇದೆ, ಡಿಸ್ಕೌಂಟ್ ಕೊಡ್ತೀವಿ". ತಗೊಂಡೆ ಕಣ್ರೀ! 450 ಕೊಟ್ಟು! ನಂದೇ ತಪ್ಪು ಅಂತ ನಂಬ್ಕೊಂಡು, ಉಳಿದ ಬೀಜನೂ ಹಾಕಿದೆ. ಮತ್ತೆ ಸೊನ್ನೆ.

ನಮ್ಮತ್ತೆ ಆಯುಧಪೂಜೆಗೆ ಬಾಗಿಲಿಗೆ ಕಟ್ಟಿ ಒಣಗಿದ್ದ ಚೆಂಡು ಹೂವು ಕಿತ್ತು ಅದೇ ಟ್ರೇ ಮೂಲೆಗೆ ಉದುರಿಸಿದ್ರು. ಐದನೇ ದಿನಕ್ಕೆ ಹಸಿರು. ಅದೇ ಮಿಕ್ಸು, ಅದೇ ನೀರು, ಅದೇ ಬಿಸಿಲು. ಅತ್ತೆ ಏನೂ ಹೇಳ್ಲಿಲ್ಲ, ನಕ್ಕರು ಅಷ್ಟೇ. ಅದೇ ಜಾಸ್ತಿ ಉರೀತು.

ಖಾಲಿ ಪ್ಯಾಕೆಟ್ ಎಸೆಯೋವಾಗ ಕೈ ಒದ್ದೆ ಇತ್ತು, ಸ್ಟಿಕ್ಕರ್ ಅಂಚು ಎದ್ದು ಬಂತು. ಕೆಳಗೆ ಇನ್ನೊಂದು ಲೇಬಲ್! ವ್ಯಾಲಿಡಿಟಿ ಮುಗಿದು ಮೂರು ವರ್ಷ ಆಗಿದೆ. ಮೂರು ವರ್ಷ! ಫೋಟೋ ಕಳಿಸಿದ್ರೆ "ಅದು ಪ್ಯಾಕಿಂಗ್ ಮಿಸ್ಟೇಕ್, ಒಳಗಿರೋ ಬೀಜ ಫ್ರೆಶ್ಶು ಮೇಡಂ". ರಿಫಂಡ್ ಕೇಳಿದ್ರೆ "ಬೀಜ ಜೀವಂತ ವಸ್ತು, ರಿಫಂಡ್ ಇಲ್ಲ". ಜೀವಂತ ಅಂತೆ! ಆಮೇಲೆ ಬ್ಲಾಕ್.

ಲಾಟ್ ನಂಬರ್, ಟೆಸ್ಟ್ ಮಾಡಿದ ತಾರೀಖು, ಮೊಳಕೆ ಶೇಕಡಾ ಎಷ್ಟು ಅಂತ ಇಲ್ದಿರೋ ಪ್ಯಾಕೆಟ್ ಮುಟ್ಬೇಡಿ. ಟೆಸ್ಟ್ ಆದ್ಮೇಲೆ ಸಾಮಾನ್ಯವಾಗಿ 9 ತಿಂಗಳಷ್ಟೇ ವ್ಯಾಲಿಡಿಟಿ. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಇದ್ರೆ ಕಿತ್ತು ನೋಡಿ, ವಿಡಿಯೋ ಮಾಡ್ಕೊಳ್ಳಿ. ಬಂದ ದಿನವೇ ಹತ್ತು ಬೀಜ ಒದ್ದೆ ಟಿಶ್ಯೂಲಿ ಸುತ್ತಿ ಡಬ್ಬಿಲಿಡಿ, ಹೆಸರುಕಾಳು ಮೊಳಕೆ ಕಟ್ತೀವಲ್ಲ ಹಾಗೆ. ಅವು ಮೊಳೀದೇ ಇದ್ದೂ ಮಾರಿದವ್ರು ನಿಮ್ಮ ಕೈಗುಣ ಸರಿಯಿಲ್ಲ ಅಂದ್ರೆ, ಬೀಜನೇ ಸರಿಯಿಲ್ಲ ಅಂತ ಮುಖಕ್ಕೆ ಹೇಳಿ.

ಪಕ್ಕದ್ಮನೆ ಆಂಟಿಗೆ ಪಿಟೂನಿಯಾ ಸಸಿ ಕೊಡ್ತೀನಿ ಅಂತ ಬೇರೆ ಹೇಳ್ಬಿಟ್ಟಿದ್ದೆ, ಅವ್ರು ದಿನಾ ಕೇಳ್ತಾರೆ, ಈಗ ನಾನು ಟೆರೇಸ್‌ಗೆ ಹೋಗೋ ಟೈಮೇ ಬದಲಾಯಿಸಿದೀನಿ.